ನಾಲ್ಕು ನಿಮಿಷಕ್ಕೆ ಹನ್ನೆರಡು ಮಹಡಿ

ಮೆಟ್ಟಿಲು ಹತ್ತುವ ವಿಷಯದಲ್ಲಿ ನಾನು ಎಂಥ ಸೋಮಾರಿಯೆಂದರೆ, ಬಾಪೂಜಿನಗರದ ನಮ್ಮ ಎರಡನೇ ಮಹಡಿಯ ಮನೆಗೆ ಹೋಗುವಾಗಲೂ ನಡುವೆ ಒಮ್ಮೆ ಕೂತು ಅಮ್ಮನಿಗೆ ಫೋನ್ ಮಾಡಿ, "ಬರ್ತಾ ಇದೀನಿ" ಅಂದವನು. ಇಂಥವನಿಗೆ ಕೆಂಗೇರಿಯ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಕೆಲಸ ಸಿಕ್ಕಿತು. ನನ್ನ ಕೈಕೆಳಗಿನ ಸೈನ್ಯವೆಂದರೆ ಹೇರೋಹಳ್ಳಿಯಿಂದ ಬರುವ ಒಬ್ಬರೇ ಅಕ್ಕ.

"ಮೊದ್ಲು ನಾಲ್ಕು ಜನ ಇದ್ವಿ ಕಣಪ್ಪ," ಅಂದಿದ್ದರು ಮೊದಲ ದಿನವೇ. "ಅಸೋಸಿಯೇಷನ್‌ನೋರೇ ಇಟ್ಕೊಂಡಿದ್ರು. ಕಂಟ್ರಾಕ್ಟ್ ಕಂಪ್ನಿ ಬಂತು, ಇಬ್ರು ಹೋದ್ರು. ಒರೆಸೋ ಮಷೀನ್ ಬಂತು, ಇನ್ನೊಬ್ಳು ಹೋದ್ಲು. ಮಷೀನ್ ಕೆಟ್ಟು ಮೂಲೇಲಿ ಕೂತೈತೆ, ಅವಳು ಮಾತ್ರ ವಾಪಸ್ ಬರ್ಲಿಲ್ಲ. ಈಗ ನಿನ್ನ ಫೋನ್ ಬಂದೈತೆ. ಹೋಗಕ್ಕೆ ಇನ್ಯಾರವ್ರೆ ಹೇಳು?"

ಫೋನ್ ಅಂದರೆ ಇಷ್ಟೇ. ಪ್ರತಿ ಮಹಡಿಯ ಮೆಟ್ಟಿಲ ಬಳಿ ಒಂದು ಕ್ಯೂಆರ್ ಚೀಟಿ. ಅಕ್ಕ ಗುಡಿಸಿ ಒರೆಸಿದ ಮೇಲೆ ನಾನು ಹತ್ತಿ ಹೋಗಿ ನೋಡಿ ಸ್ಕ್ಯಾನ್ ಮಾಡಬೇಕು. ಆಗ ಆ ಮಹಡಿ ಎಷ್ಟು ಹೊತ್ತಿಗೆ ಕ್ಲೀನ್ ಆಯಿತೆಂದು ಆಫೀಸಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ಲಿಫ್ಟು ಸ್ಕೂಲ್ ಮಕ್ಕಳಿಗೆ, ಮೆಟ್ಟಿಲು ನಮಗೆ. ಎರಡು ದಿನ ಹತ್ತಿದೆ. ಮೂರನೇ ದಿನ ಹನ್ನೆರಡೂ ಚೀಟಿಗಳ ಫೋಟೋ ತೆಗೆದು ಪ್ರಿಂಟ್ ಹಾಕಿಸಿ, ನೆಲಮಾಳಿಗೆಯ ಪಂಪ್ ರೂಮಿನ ಗೋಡೆಗೆ ಅಂಟಿಸಿದೆ. ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಫೋನು. ಟಿಕ್, ಟಿಕ್, ಟಿಕ್. ನನ್ನಂಥ ಮೇಧಾವಿ ಮೈಸೂರು ರೋಡಿನ ಈ ತುದಿಯಿಂದ ಆ ತುದಿಯವರೆಗೆ ಇಲ್ಲ ಅಂದುಕೊಂಡೆ.

ಹದಿನೈದು ದಿನ ಕಳೆಯಿತು. ಕಂಪನಿಯ ಮ್ಯಾನೇಜರ್ ಬೈಕಿನಲ್ಲಿ ಬಂದಿಳಿದಾಗ ನಾನು ಓಡಿ ಪಂಪ್ ರೂಮಿನ ಬಾಗಿಲು ಮುಚ್ಚಿದೆ. ಅವರು ಬೆನ್ನು ತಟ್ಟಿದರು.

"ಏನ್ ಗುರು! ನಾಲ್ಕು ನಿಮಿಷಕ್ಕೆ ಹನ್ನೆರಡು ಫ್ಲೋರು! ನಮ್ ಯಾವ್ ಬಿಲ್ಡಿಂಗಲ್ಲೂ ಇಲ್ಲ ಇದು."

ನಾನು ಹಲ್ಲು ಬಿಟ್ಟೆ.

"ಇಷ್ಟಕ್ಕೆ ಇಡೀ ದಿನ ಒಬ್ರು ಯಾಕೆ? ಪಕ್ಕದ ಬಿಲ್ಡಿಂಗ್‌ನೋಳು ಬಂದು ಒರೆಸಿ ಹೋಗ್ತಾಳೆ. ಈ ತಿಂಗಳಿಗೆ ಸಾಕು ಅಂತ ಅಕ್ಕಂಗೆ ನೀನೇ ಹೇಳ್ಬಿಡು."

ಹೋಗುವಾಗ ಲಿಫ್ಟಿನೊಳಗೆ ನನ್ನ ಫೋಟೋ ಅಂಟಿಸಿ ಹೋದರು, ಕೆಳಗೆ 'ಉತ್ತಮ ಉದ್ಯೋಗಿ' ಎಂದು. ಅಂದಿನಿಂದ ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ನನ್ನದೇ ಮುಖ ಕಂಡು ಮೆಟ್ಟಿಲ ಕಡೆ ತಿರುಗುತ್ತಿದ್ದೆ.

ಐದು ದಿನ ಅಕ್ಕನಿಗೆ ಹೇಳಲಾಗಲಿಲ್ಲ. ನಿಜ ಹೇಳಿದರೆ ನನ್ನ ಕೆಲಸ, ಹೇಳದಿದ್ದರೆ ಅವರ ಕೆಲಸ. ಅವರ ಬಕೆಟ್ ಸದ್ದು ಕೇಳಿದರೆ ಸಾಕು, ಓಡಿ ಅಡಗುತ್ತಿದ್ದೆ. ಆರನೇ ದಿನ ಪಂಪ್ ರೂಮಿನ ಡ್ರಮ್ಮಿನ ಹಿಂದೆ ಉಸಿರು ಹಿಡಿದು ಕೂತಿದ್ದಾಗ, ಊಟ ಆಯ್ತಾ ಎಂದು ಕೇಳಲು ಅಮ್ಮ ಫೋನ್ ಮಾಡಿದರು. ರಿಂಗ್ ಕೇಳಿ ಅಕ್ಕ ಒಳಗೆ ಬಂದರು.

"ಏನಪ್ಪಾ, ನನ್ ಕಂಡ್ರೆ ಹಿಂಗ್ ಹೆದರ್ತೀಯಾ? ನಾನೇನು ನಿನ್ನ ಕೆಲಸದಿಂದ ತೆಗೀತೀನಾ?"

ನಗುತ್ತಿದ್ದವರು ಗೋಡೆ ನೋಡಿ ನಿಲ್ಲಿಸಿದರು. "ಇವು ನಾನು ದಿನಾ ಒರೆಸೋ ಚೀಟಿಗಳಲ್ವಾ?"

ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಬಕೆಟ್ ಬೋರಲು ಹಾಕಿ ಕೂತರು.

"ಮಂಡಿ ಹಿಡ್ಕೊಂಡು ಮಧ್ಯಾಹ್ನದವರ್ಗೂ ಒರೆಸ್ತೀನಿ. ಅದನ್ನ ನಾಲ್ಕು ನಿಮಿಷ ಅಂತ ತೋರಿಸ್ಬಿಟ್ಯಾ?" ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೇಳಿದರು, "ಈ ವಯಸ್ಸಿಗೆ ನನ್ನ ಇನ್ಯಾರಪ್ಪ ತಗೋತಾರೆ?"

ಮರುದಿನ ಮ್ಯಾನೇಜರನ್ನು ಕರೆಸಿ ಗೋಡೆ ತೋರಿಸಿದೆ. ಬೆಕ್ಕಿನ ಮರಿಯ ದನಿಯಲ್ಲಿ ಎಲ್ಲ ಒಪ್ಪಿಕೊಂಡೆ. ಅವರು ಕೂಗಾಡದೆ ಹನ್ನೆರಡೂ ಹಾಳೆ ಕಿತ್ತು, ಮಡಚಿ ಜೇಬಿಗಿಟ್ಟುಕೊಂಡರು.

"ಸರಿ. ಅಂದ್ರೆ ನೋಡ್ಕೊಳ್ಳೋಕೆ ಅಂತ ಒಬ್ಬ ಬೇಕಾಗಿಲ್ಲ. ನೀನೂ ಮಾಪ್ ತಗೋ. ಮೇಲಿನ ಆರು ನಿಂದು, ಕೆಳಗಿನ ಆರು ಅಕ್ಕಂದು. ಇಬ್ರಿಗೂ ಒಂದೊಂದು ಫೋನ್. ಒಂದು ತಿಂಗಳು ನೋಡ್ತೀವಿ. ಯಾರು ಬೇಗ ಮುಗಿಸ್ತಾರೋ ಅವ್ರು ಉಳೀತಾರೆ."

ಮೊದಲ ದಿನ ನಾನು ಹನ್ನೆರಡನೇ ಮಹಡಿಯಲ್ಲಿ ಇಡೀ ಬಕೆಟ್ ಸುರಿದೆ. ಹತ್ತನೆಯದರಲ್ಲಿ ಒಬ್ಬ ಅಂಕಲ್‌ನ ನ್ಯೂಸ್‌ಪೇಪರ್ ದೋಣಿಯಂತೆ ತೇಲಿ ಬಂತು. ಆದರೂ ನಾನೇ ಮೊದಲು ಮುಗಿಸಿದೆ. ಬೆಳಿಗ್ಗೆ ನನಗೆ ಮಾಪ್ ಹಿಂಡುವುದನ್ನು ಕಲಿಸುತ್ತಾ ಅಕ್ಕ ಒಂದು ಮಾತು ಹೇಳಿದ್ದರು:

"ನನ್ ಮಂಡಿ ಎಷ್ಟು ಓಡುತ್ತೋ ಅಷ್ಟೇ ಓಡು ಕಣಪ್ಪ."

ಅದಕ್ಕೇ ಕೊನೆಯ ಚೀಟಿ ಸ್ಕ್ಯಾನ್ ಮಾಡದೆ ದಿನವೂ ಏಳನೇ ಮಹಡಿಯ ಮೆಟ್ಟಿಲ ಮೇಲೆ ಕೂರುತ್ತೇನೆ. ನೆಲ ಒಣಗಿರುತ್ತದೆ. ಕೆಳಗೆ ಬಕೆಟ್ ಎಳೆಯುವ ಸದ್ದು ಮೂರನೇ ಮಹಡಿಗೆ ಬರುತ್ತದೆ, ನಾಲ್ಕಕ್ಕೆ, ಐದಕ್ಕೆ. ಆರರಲ್ಲಿ ನಿಲ್ಲುತ್ತದೆ.

"ಆಯ್ತೇನೋ?"

"ಆಯ್ತಕ್ಕ."

ಇಬ್ಬರೂ ಒಟ್ಟಿಗೆ ಒತ್ತುತ್ತೇವೆ. ದಿನವೂ ಇಬ್ಬರದ್ದೂ ಒಂದೇ ನಿಮಿಷಕ್ಕೆ ಮುಗಿಯುತ್ತದೆ. ಆಫೀಸಿನಲ್ಲಿ ಇದನ್ನು ಇನ್ನೂ ಯಾರೂ ಗಮನಿಸಿದಂತಿಲ್ಲ. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿದೆ.