ಅಕೈತಿ ಚರ್ಚು ತುಂಬಿಸಿದ ವಾರ

ಪೆಸಿಫಿಕ್ ಸಾಗರದ ಅತಿಯು ಎಂಬ ಪುಟ್ಟ ದ್ವೀಪದಲ್ಲಿ ಅಕೈತಿಗೆ ಹೆದರದವರು ಇಬ್ಬರೇ. ಒಬ್ಬ ದೇವರು, ಇನ್ನೊಬ್ಬಳು ಅವಳ ಸೊಸೆ ತುರಾ. ದೇವರ ವಿಷಯ ಅಷ್ಟು ಖಚಿತವಾಗಿ ಹೇಳಲು ಬಾರದು.

ಹರೆಯದಲ್ಲಿ ಅಕೈತಿ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋಗಿ, ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು, ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿದವಳು. ಬರುವಾಗ ಒಂದು ಹೊಲಿಗೆ ಯಂತ್ರವನ್ನೂ, ಯಾರ ಹಾಸಿಗೆಯೂ ಮೇಲೆ ಕಂಡಷ್ಟು ಬೆಳ್ಳಗಿರುವುದಿಲ್ಲ ಎಂಬ ನಂಬಿಕೆಯನ್ನೂ ತಂದಿದ್ದಳು. ಊರ ಮನೆಗಳ ಶುಚಿತ್ವ ನೋಡುವ ಸಮಿತಿಗೆ ಅವಳನ್ನು ಸೇರಿಸಿಕೊಂಡದ್ದು ಹಿರಿಯರು ಮಾಡಿದ ತಪ್ಪು. ಉಳಿದವರು ಅಂಗಳದಲ್ಲಿ ನಿಂತು, ಹೂವಿನ ಗಿಡ ಹೊಗಳಿ, ಎಳನೀರು ಕುಡಿದು ಹೊರಟರೆ ಅಕೈತಿ ಒಳಗೆ ನುಗ್ಗಿ ಮಂಚದ ಕೆಳಗೆ ಬಗ್ಗುತ್ತಿದ್ದಳು. ಅಲ್ಲಿ ಕಂಡದ್ದು ಸಂಜೆಯೊಳಗೆ ದ್ವೀಪಕ್ಕೆಲ್ಲ ಗೊತ್ತಾಗುತ್ತಿತ್ತು.

ಮತಾಯೋ ಪಾದ್ರಿ ವರ್ಷಕ್ಕೊಮ್ಮೆ ಹೊರಗಿನ ಬೋಧಕರನ್ನು ಕರೆಸಿ, ಒಂದು ವಾರ ಸಂಜೆ ಸಂಜೆ ವಿಶೇಷ ಪ್ರಸಂಗ ಮಾಡಿಸುತ್ತಿದ್ದರು. ಹಿಂದಿನ ವರ್ಷ ಆ ದೊಡ್ಡ ಸುಣ್ಣದ ಗೋಡೆಯ ಚರ್ಚಿನಲ್ಲಿ ಕೂತಿದ್ದವರು ಸಭೆಯ ಹಿರಿಯರು, ಬೇರೆ ದಾರಿಯಿಲ್ಲದ ಅವರ ಹೆಂಡತಿಯರು, ಮತ್ತು ಒಂದು ನಾಯಿ. ಪ್ರಸಂಗದ ನಡುವೆ ನಾಯಿ ಎದ್ದು ಹೊರಗೆ ಹೋದಾಗ ಹಿರಿಯರು ಅದನ್ನು ಹೊಟ್ಟೆಕಿಚ್ಚಿನಿಂದ ನೋಡಿದ್ದರಂತೆ.

ಈ ಸಲ ತಾಮಾರುವಾ ಎಂಬ ಹೆಸರುವಾಸಿ ಬೋಧಕರು ವಿಮಾನದಲ್ಲಿ ಬರುವವರಿದ್ದರು. ಮತ್ತೆ ಮಾನ ಹೋಗಬಾರದೆಂದು ಪಾದ್ರಿ ಅಕೈತಿಯನ್ನು ಕರೆಸಿದರು.

“ನೋಡಮ್ಮ, ಜನ ನನ್ನ ಮಾತು ಕೇಳಲ್ಲ. ನೀನು ಮನೆಮನೆಗೆ ಹೋಗು. ಬೆಂಚು ತುಂಬಬೇಕು.”

“ತುಂಬಿಸ್ತೀನಿ ಪಾದ್ರಿಗಳೇ. ಹೇಗೆ ಅಂತ ಮಾತ್ರ ಕೇಳ್ಬೇಡಿ.”

ಪಾದ್ರಿ ಕೇಳಲಿಲ್ಲ. ಪಾದ್ರಿಗಳಿಗೂ ಲೋಕಜ್ಞಾನ ಇರುತ್ತದೆ.

ಮೊದಮೊದಲು ಅವಳು ನ್ಯಾಯವಾಗಿಯೇ ಕೇಳಿದಳು. ಸ್ಕೂಟರಿನಲ್ಲಿ ಮನೆ ಮನೆ ತಿರುಗಿ, ಆತ್ಮಕ್ಕೆ ಒಳ್ಳೆಯದು ಬನ್ನಿ ಎಂದಳು. ಎಲ್ಲರೂ ಆಗದೆಂದು ತಲೆಯಾಡಿಸಿದರು. ಒಬ್ಬಳಿಗೆ ಮಂಡಿನೋವು, ಒಬ್ಬನಿಗೆ ಟಿವಿಯಲ್ಲಿ ರಗ್ಬಿ, ಇನ್ನೊಬ್ಬನಿಗೆ ಆತ್ಮವೇ ಇದ್ದಂತಿರಲಿಲ್ಲ. ಕೊನೆಗೆ ಪಾರುವಾನ ಮನೆಗೆ ಬಂದಳು. ಅವನು ಜಗಲಿಯಲ್ಲಿ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ.

“ಅಕ್ಕಾ, ಭಾನುವಾರ ನಾನು ತಪ್ಪಿಸಲ್ಲ. ಕುಡಿಯೋದು ಅಳತೇಲಿ. ಹೆಂಡ್ತಿ ಮೇಲೆ ಕೈ ಎತ್ತಿಲ್ಲ. ವಾರಪೂರ್ತಿ ಕೂತು ಬೈಸ್ಕೊಳ್ಳೋಕೆ ನಾನೇನು ಪಾಪ ಮಾಡಿದೀನಿ?”

ಅಷ್ಟು ಹೊತ್ತಿಗೆ ಅಕೈತಿಗೆ ಸಾಕಾಗಿತ್ತು. ಬಾಯಿಗೆ ಬಂದದ್ದು ಹೇಳಿಬಿಟ್ಟಳು.

“ನಿನ್ನ ಯಾರೋ ಬೈತಾರೆ? ಬುಧವಾರದ ಪ್ರಸಂಗ, ಪಕ್ಕದವರ ಕೆಸುವಿನ ಗದ್ದೆಗೆ ಹಂದಿ ಬಿಡೋರ ಮೇಲೆ.”

ಪಾರುವಾನ ಚಾಕು ನಿಂತಿತು. ಪಕ್ಕದ ಮನೆಯ ತೂತಾಯಿಯ ಹಂದಿಗಳು ಅವನ ಗದ್ದೆಯನ್ನು ಉತ್ತು ಹಾಕಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ.

“ಬೈಬಲ್ಲಲ್ಲಿ ಅದೂ ಇದ್ಯಾ?”

“ಬೈಬಲ್ಲಲ್ಲಿ ಏನಿಲ್ಲ ಹೇಳು?”

“ತೂತಾಯಿ ಬರ್ತಾನಾ?”

“ಅವನನ್ನ ಬರಿಸೋದು ನನ್ನ ತಲೆನೋವು.”

“ಹಾಗಾದ್ರೆ ನಂಗೊಂದು ಜಾಗ ಹಿಡ್ಕೊಂಡಿರು ಅಕ್ಕಾ. ಅವನ ಮುಖ ಕಾಣೋ ಕಡೆ.”

ಅಕೈತಿ ಬೇಲಿ ದಾಟಿ ತೂತಾಯಿಯ ಅಂಗಳಕ್ಕೆ ಹೋದಳು. ಬುಧವಾರದ ಪ್ರಸಂಗ, ದಾರಿತಪ್ಪಿ ಬಂದ ನೆರೆಯವರ ಹಂದಿಯನ್ನು ಹಿಡಿದು ಸುಟ್ಟು ತಿನ್ನುವವರ ಮೇಲೆ ಎಂದಳು. ತೂತಾಯಿ ಹೆಂಡತಿಯನ್ನು ಕೂಗಿ ಒಳ್ಳೆ ಅಂಗಿಗೆ ಇಸ್ತ್ರಿ ಹಾಕಲು ಹೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆಂದು ಗಾದೆ. ಅತಿಯುವಿನಲ್ಲಿ ಹಾಗಲ್ಲ ಎಂದು ಅಕೈತಿಗೆ ಆ ದಿನ ತಿಳಿಯಿತು. ಇಲ್ಲಿ ಪ್ರತಿಯೊಬ್ಬನೂ ಪಕ್ಕದವನ ಹೆಗಲು ನೋಡುತ್ತಾನೆ. ಅಲ್ಲಿಂದ ಅವಳ ಸ್ಕೂಟರು ನಿಲ್ಲಲಿಲ್ಲ. ಅಕ್ಕಂದಿರಿಗೆ, ಜಾಗ ನುಂಗಿದ ತಂಗಿಯರ ಮೇಲೆ ಪ್ರಸಂಗ. ತಂಗಿಯರಿಗೆ, ತಾಯಿಯ ಒಡವೆ ಮುಚ್ಚಿಟ್ಟ ಅಕ್ಕಂದಿರ ಮೇಲೆ.

ಗಂಡಸರು ಕೊರೆದ ತೆಂಗಿನ ಬುಡದಲ್ಲಿ ಕಿತ್ತಳೆ ಹೆಂಡ ಹುದುಗು ಬರಿಸಿ, ಸುತ್ತ ಕೂತು ಕುಡಿಯುವ ಗುಡಿಸಲಿಗೂ ಹೋದಳು. ಅವಳನ್ನು ಕಂಡು ಎಲ್ಲರೂ ಟೋಪಿ ತೆಗೆದರು. ತೆಂಗಿನ ಚಿಪ್ಪಿನಲ್ಲಿ ಸರದಿಯಂತೆ ಹೆಂಡ ಮೊಗೆದು ಕೊಡುವ ಪುನುವಾ ನಗುತ್ತಾ, “ಅಕೈತಕ್ಕ, ನಾವೂ ಇಲ್ಲಿ ಪ್ರಾರ್ಥನೆ ಮಾಡ್ತೀವಿ, ಕೀರ್ತನೆ ಹಾಡ್ತೀವಿ. ನಿಮ್ಮ ಚರ್ಚಲ್ಲಿ ಇಲ್ಲದ್ದು ಇಲ್ಲಿ ಒಂದಿದೆ, ಅಷ್ಟೇ,” ಎಂದ.

“ಅದರ ಮೇಲೇ ಗುರುವಾರದ ಪ್ರಸಂಗ ಕಣಪ್ಪ. ತನ್ನ ಸರದಿಗೆ ಚಿಪ್ಪು ತುಂಬ, ಬೇರೆಯವರ ಸರದಿಗೆ ಅರ್ಧ ಹೊಯ್ಯೋನ ಬಗ್ಗೆ.”

ಎಲ್ಲರೂ ಪುನುವಾನ ಕೈಯನ್ನೇ ನೋಡಿದರು. ಹೊರಡುವಾಗ ಅಕೈತಿ ಪುನುವಾನ ಕಿವಿಯಲ್ಲಿ, ಸಕ್ಕರೆ ತರದೆ ಬಿಟ್ಟಿ ಕುಡಿಯುವವರ ಪಾಡೂ ಅದೇ ದಿನ ಬರುತ್ತದೆ ಎಂದಳು.

ಸೋಮವಾರ ಸಂಜೆ ಚರ್ಚು ತುಂಬಿತು. ಬಿಳಿ ಹುಲ್ಲಿನ ಟೋಪಿಗಳು ಒಂದಕ್ಕೊಂದು ತಾಗುತ್ತಿದ್ದವು. ತಾಮಾರುವಾ ಬೋಧಕರು ವೇದಿಕೆ ಹತ್ತಿ, ಮೋಶೆಯ ಕಾಲದಲ್ಲಿ ಆರಾಧನೆಗೆಂದು ಹೂಡಿದ ದೇವಗುಡಾರವನ್ನು ಕುರಿತು ಮೆಲುದನಿಯಲ್ಲಿ ಆರಂಭಿಸಿದರು. ಆ ದಿನ ಪರದೆ, ಮರುದಿನ ಕೊಂಡಿ, ಬುಧವಾರ ಗೂಟ, ಶುಕ್ರವಾರ ಮತ್ತೆ ಪರದೆ. ವಾರವಿಡೀ ಆ ಗುಡಾರದಿಂದ ಅವರು ಹೊರಗೆ ಬರಲೇ ಇಲ್ಲ. ಹಂದಿ, ಹೆಂಡ, ಅಕ್ಕತಂಗಿ ಯಾವುದರ ಹೆಸರೂ ಇಲ್ಲ.

ಬೆಂಚಿನ ತುದಿಯಲ್ಲಿ ಕೂತು ತಲೆ ಎಣಿಸುತ್ತಿದ್ದ ಅಕೈತಿಗೆ, ಬುಧವಾರ ಗೂಟದ ಮಾತು ಕಿವಿಗೆ ಬಿದ್ದು ಬೆವರು ಕಿತ್ತುಕೊಂಡಿತು. ಆದರೆ ಹೊರಗೆ ಬಂದ ಪಾರುವಾ ಅವಳ ಕೈ ಹಿಡಿದು ಕುಲುಕಿದ.

“ಏನು ಬಾರಿಸಿದ್ರು ಅಕ್ಕಾ! ಗೂಟ ಗಟ್ಟಿಯಾಗಿ ಹೊಡೀಬೇಕು ಅಂದ್ರಲ್ಲ. ಹಂದಿ ಕಟ್ಟೋಕೇ ಅಲ್ವಾ ಗೂಟ? ಅವನ ಮುಖ ನೋಡಿದ್ಯಾ?”

ಸ್ವಲ್ಪ ಆಚೆ ತೂತಾಯಿ ಇನ್ನೊಬ್ಬರಿಗೆ ಹೇಳುತ್ತಿದ್ದ: “ಬೇರೆಯವರ ಗೂಟಕ್ಕೆ ಕೈ ಹಾಕ್ಬಾರ್ದು ಅಂತ ತಾನೇ ಅದರರ್ಥ? ಪಾರುವಾ ಕೂತಲ್ಲೇ ಬೆವೆತ್ಹೋದ.”

ಇಬ್ಬರೂ ಸುಖವಾಗಿ ಮನೆಗೆ ಹೋದರು. ಒಬ್ಬರೂ ಗೂಟ ಹೊಡೆಯಲಿಲ್ಲ.

ಅಕೈತಿಯ ಕಣ್ಣಿಗೆ ಹಬ್ಬವಾದದ್ದು ಬೇರೆಯೇ. ವಾರಕ್ಕೊಂದು ಆರಾಧನೆಗೂ ಗೊಣಗುತ್ತಾ ಬರುತ್ತಿದ್ದ ಸೊಸೆ ತುರಾ ದಿನಾ ಸಂಜೆ ಟೋಪಿ ತೊಟ್ಟು ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ನಡುನಡುವೆ ಹಿಂದೆ ತಿರುಗಿ ಅತ್ತೆಯತ್ತ ನೋಡಿ ನಗುತ್ತಿದ್ದಳು.

“ನನ್ನ ಪ್ರಾರ್ಥನೆ ಸುಮ್ನೆ ಹೋಗ್ಲಿಲ್ಲ,” ಎಂದು ಅಕೈತಿ ಕಂಡಕಂಡವರಿಗೆಲ್ಲ ಹೇಳಿದಳು. “ಕಲ್ಲೂ ಕರಗುತ್ತೆ.”

ಶುಕ್ರವಾರ ಕೊನೆಯ ಪ್ರಸಂಗ ಮುಗಿದು ಅಂಗಳದಲ್ಲಿ ಊಟವಾಯಿತು. ಬೋಧಕರು ಎದ್ದು, ದೇವರ ವಾಕ್ಯಕ್ಕೆ ಇಷ್ಟು ಹಸಿದ ಜನರನ್ನು ತಾನು ಎಲ್ಲೂ ಕಂಡಿಲ್ಲವೆಂದು ಹೇಳಿ ಕಣ್ಣೊರೆಸಿಕೊಂಡರು. ಹಸಿದ ಜನ ಹಂದಿಮಾಂಸ ಬಾಯಲ್ಲಿಟ್ಟುಕೊಂಡೇ ಚಪ್ಪಾಳೆ ತಟ್ಟಿದರು. ತುರಾ ತಟ್ಟೆ ಹಿಡಿದು ಅತ್ತೆಯ ಪಕ್ಕದಲ್ಲಿ ಬಂದು ಕೂತಳು.

“ಅತ್ತೆ, ಇವತ್ತಿಂದು ತುಂಬ ಚೆನ್ನಾಗಿತ್ತು. ನಿಮ್ಮ ವಿಷಯ ಇಷ್ಟು ಬಿಡಿಸಿ ಹೇಳ್ತಾರೆ ಅಂದ್ಕೊಂಡಿರ್ಲಿಲ್ಲ.”

“ನನ್ನ ವಿಷಯಾನಾ?”

“ಸೊಸೇನ ಊರೆಲ್ಲ ಆಡ್ಕೊಂಡು ತಿರುಗೋ ಅತ್ತೆ ಮೇಲೆ ಒಂದಿನ ಪ್ರಸಂಗ ಇದೆ ಅಂತ ಪಾದ್ರಿಗಳೇ ಮನೆಗೆ ಬಂದು ಹೇಳಿದ್ರು. ಯಾವತ್ತು ಅಂತ ಹೇಳ್ಲಿಲ್ಲ. ಅದಕ್ಕೇ ದಿನಾ ಬಂದೆ.”

ಅಕೈತಿ ತುತ್ತನ್ನು ತಟ್ಟೆಗೆ ಮರಳಿ ಹಾಕಿದಳು. “ಏನಂದ್ರು ಇವತ್ತು?”

“ಕೇಳಿಸ್ಕೊಳ್ಲಿಲ್ವಾ? ಗುಡಾರಕ್ಕೆ ಹೊರಗಡೆ ಆಡಿನ ಕೂದಲಿನ ಒರಟು ಪರದೆ, ಒಳಗಡೆ ಕಸೂತಿ ಹಾಕಿದ ಚಂದದ್ದು ಅಂದ್ರಲ್ಲ.” ತುರಾ ಒಂದು ಚೂರು ಮೀನು ಬಾಯಿಗೆ ಹಾಕಿಕೊಂಡಳು. “ಹೊರಗಿಂದು ನೀವೇ ಅಂತ ತಕ್ಷಣ ಗೊತ್ತಾಯ್ತು.”

ಅಕೈತಿ ಎದ್ದು ನೇರ ಪಾದ್ರಿಯ ಬಳಿ ಹೋದಳು. ಅವರು ಬೋಧಕರ ತಟ್ಟೆಗೆ ಬಡಿಸುತ್ತಿದ್ದರು.

“ಏನ್ ಪಾದ್ರಿಗಳೇ ಇದು? ನನ್ನ ಮನೆಗೇ ಬಂದು ನನ್ನ ಮೇಲೇನಾ?”

“ಅವಳನ್ನ ಚರ್ಚಿಗೆ ಕರ್ಕೊಂಡ್ ಬನ್ನಿ ಅಂತ ನೀನೇ ನನ್ನ ಪ್ರಾಣ ತಿಂತಿದ್ದೆ,” ಎಂದರು ಪಾದ್ರಿ, ಸೌಟು ಕೆಳಗಿಡದೆ. “ಬಂದ್ಲು ತಾನೇ? ದೇವರಿಗೆ ಸ್ತೋತ್ರ ಹೇಳು, ಹೋಗು.”

ಮರುದಿನ ಬೋಧಕರಿಗೆ ಹೂಮಾಲೆ ಹಾಕಿ ವಿಮಾನ ಹತ್ತಿಸಲು ಊರೆಲ್ಲ ಹೋಯಿತು. ಅಕೈತಿ ಹೋಗಲಿಲ್ಲ. ಭಾನುವಾರ ಮುಂದಿನ ಸಾಲಿನಲ್ಲಿ ನಿಂತು ಕೀರ್ತನೆ ಎತ್ತಿಕೊಡಬೇಕಾದವಳು ತುಟಿ ಬಿಚ್ಚಲಿಲ್ಲ. ಮನೆಯಲ್ಲೂ ಮಾತಿಲ್ಲ. ತುರಾ ಬಟ್ಟೆಯನ್ನು ಅಡ್ಡಾದಿಡ್ಡಿ ಒಣಗಹಾಕಿದಳು, ಮಾತಿಲ್ಲ. ಕೋಳಿ ಅಡುಗೆಮನೆ ಹೊಕ್ಕಿತು, ಮಾತಿಲ್ಲ. ಸೋಮವಾರ ಅಕೈತಿಯ ಮಗ, ತುರಾಳ ಗಂಡ ತೆರೆ, ಗಾಬರಿಯಾಗಿ ದಾದಿಯನ್ನು ಕರೆತಂದ. ದಾದಿ ತೋಳಿಗೆ ಪಟ್ಟಿ ಕಟ್ಟಿ ನೋಡಿ, “ರಕ್ತದೊತ್ತಡ ಚೆನ್ನಾಗಿದೆ. ಯಾವತ್ತೂ ಇಷ್ಟು ಚೆನ್ನಾಗಿರ್ಲಿಲ್ಲ,” ಎಂದು ಹೇಳಿ ಹೋದಳು. ತೆರೆಗೆ ಇನ್ನೂ ಭಯವಾಯಿತು.

ಮರುದಿನ ಮಧ್ಯಾಹ್ನ ತುರಾ ಕೆಸುವಿನ ಸೊಪ್ಪನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಅತ್ತೆಯ ಮುಂದೆ ಬಟ್ಟಲಿಟ್ಟಳು. ಅಕೈತಿ ಒಂದು ಚಮಚ ಬಾಯಿಗಿಟ್ಟಳು. ಮುಖ ಕೆಂಪಾಯಿತು, ಕುತ್ತಿಗೆ ಉಬ್ಬಿತು.

“ಉಪ್ಪು ಹಾಕಿದೀಯೋ, ಸಮುದ್ರಾನೇ ಬಗ್ಗಿಸಿದೀಯೋ?”

ಅಂಗಳದಲ್ಲಿ ಸ್ಕೂಟರು ಒರೆಸುತ್ತಿದ್ದ ತೆರೆ ಉಸ್ಸೆಂದು ಕಲ್ಲಿನ ಮೇಲೆ ಕೂತ. ತುರಾ ಬಟ್ಟಲನ್ನು ತನ್ನತ್ತ ಎಳೆದುಕೊಂಡು, ಅದೇ ಚಮಚದಲ್ಲಿ ತಿನ್ನತೊಡಗಿದಳು. ಅಕೈತಿ ಬೇಯಿಸುವುದರಿಂದ ಹಿಡಿದು ಒಗೆಯುವುದರವರೆಗೆ ಹೇಳಬೇಕಾದದ್ದೆಲ್ಲ ಹೇಳುತ್ತಲೇ ಇದ್ದಳು. ನಾಲ್ಕು ದಿನದ ಬಾಕಿ ಇತ್ತಲ್ಲ, ಬೇಗ ಮುಗಿಯಲಿಲ್ಲ.