ಭಾಲ್ಕಿಯಲ್ಲಿ ನಾವು ಹೊತ್ತೊಯ್ದ ತಿಪ್ಪೆ

ಬೀದರಿನ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೂತು ನಾನು ವರ್ಷಗಟ್ಟಲೆ ಮಂದಿಯ ಅರ್ಜಿ ತುಂಬಿದವಳು. ಜಾತಿ, ಪಹಣಿ, ಪರೀಕ್ಷೆ, ಯಾವುದೇ ಇರಲಿ, ಕೇಳಿದ ಪ್ರಶ್ನೆಗೆ ಉತ್ತರ ಬರೆಯುವುದಷ್ಟೇ ನನ್ನ ಕೆಲಸ. ಪ್ರಶ್ನೆಗಳನ್ನು ನಾನೇ ಹಾಕುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ.

ನಮ್ಮ ಓಣಿಯ ಮೂಲೆಯ ಖಾಲಿ ಜಾಗದಲ್ಲಿ ಕಸ ಗೋಡೆಯೆತ್ತರ ಬೆಳೆದಿತ್ತು. ಒಂದು ಭಾನುವಾರ ತಡೆಯಲಾಗದೆ ನಾನೂ ಎದುರುಮನೆಯ ಹೊಲಿಗೆಯಾಕೆಯೂ ಸಲಿಕೆ ಹಿಡಿದು ಇಳಿದೆವು. ಮಧ್ಯಾಹ್ನದ ಹೊತ್ತಿಗೆ ಇನ್ನೂ ನಾಲ್ಕು ಹೆಂಗಸರು ಸೇರಿದ್ದರು. ಮುಂದಿನ ವಾರ ಪಕ್ಕದ ಓಣಿಯವರು ಬಂದರು: "ನಮ್ಮ ಕಡೀನೂ ಜರಾ ಬರ್ರಿ. ಕೂಲಿ ಕೊಡ್ತೇವಿ." ಹೀಗೆ ಅದೊಂದು ಕಸುಬಾಯಿತು.

ಕರೆಗಳೆಲ್ಲ ನನ್ನ ಫೋನಿಗೇ ಬರುತ್ತಿದ್ದವು. ಗೋಡೆಯ ಕ್ಯಾಲೆಂಡರ್ ಮೇಲೆ ಗೀಚಿಡುತ್ತಿದ್ದೆ. ಒಂದೇ ದಿನ ಮೂರು ಓಣಿಗೆ ಮಾತು ಕೊಟ್ಟು ಬೈಸಿಕೊಂಡ ಮೇಲೆ ಬೇರೆ ದಾರಿ ಹುಡುಕಿದೆ. ಕೋಡ್ ಬರೆಯಲು ಬಾರದವರೂ ಬೆರಳಿನಿಂದ ಚೌಕಗಳನ್ನು ಎಳೆದು ಜೋಡಿಸಿ ಆ್ಯಪ್ ಮಾಡಬಹುದಾದ ಒಂದು ಸಾಫ್ಟ್‌ವೇರ್ ಸಿಕ್ಕಿತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕಲಿತೆ. ಒಂದು ಚೌಕದಲ್ಲಿ ಓಣಿ, ಇನ್ನೊಂದರಲ್ಲಿ ಕಸದ ಫೋಟೋ, ಮತ್ತೊಂದರಲ್ಲಿ ದಿನ. ಮೊದಲ ಅರ್ಜಿ ಪರದೆ ಮೇಲೆ ತಾನಾಗಿ ಮೂಡಿದಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.

ಭಾಲ್ಕಿಗೆ ಕೊಟ್ಟ ನನ್ನ ತಂಗಿ ಅದನ್ನು ನೋಡಿ, "ಅಕ್ಕ, ನಮ್ಮೂರಿಗೂ ಇದನ್ನ ಹಾಕಿ ಕೊಡ" ಎಂದಳು. ಅದೇ ಆ್ಯಪಿನಲ್ಲಿ ಊರಿಗೊಂದು ಚೌಕ ಸೇರಿಸಿದೆ, ಅಷ್ಟೇ. ಅವಳು ಐದು ಹೆಂಗಸರನ್ನು ಕಟ್ಟಿಕೊಂಡು ಕೆಲಸ ಶುರು ಮಾಡಿದಳು.

ಮೂರನೆಯ ವಾರ ಒಂದು ಮುಂಜಾನೆ ನನಗೆ ಫೋನ್ ಬಂತು. ಮುದುಕಿಯೊಬ್ಬಳ ಗಟ್ಟಿ ದನಿ.

"ನನ್ನ ತಿಪ್ಪಿ ಎಲ್ಲಿ ಒಯ್ದೀರಿ?"

ಮೊದಲು ತಿಳಿಯಲಿಲ್ಲ. ತಂಗಿಗೆ ಫೋನ್ ಹಚ್ಚಿದಾಗ ಸಂಗತಿ ಗೊತ್ತಾಯಿತು. ಹಿಂದಿನ ದಿನ ಯಾರೋ ಒಂದು ಗೋಡೆಯ ಪಕ್ಕದ ಕಸದ ಫೋಟೋ ಕಳಿಸಿದ್ದರು. ನಮ್ಮ ಹೆಂಗಸರು ಹೋಗಿ ಅದನ್ನೂ, ಅದಕ್ಕಂಟಿಕೊಂಡಿದ್ದ ಇನ್ನೊಂದು ಗುಡ್ಡೆಯನ್ನೂ ಗಾಡಿಗೆ ತುಂಬಿ ಊರಾಚೆ ಕಸಕ್ಕೆಂದು ತೋಡಿಸಿದ್ದ ನಮ್ಮ ಗುಂಡಿಗೆ ಹಾಕಿದ್ದರು. ಆ ಎರಡನೆಯದು ಕಸವಲ್ಲ. ವರ್ಷವಿಡೀ ಆ ಮುದುಕಿ ಹೊಲಕ್ಕೆಂದು ಕೂಡಿಸಿಟ್ಟಿದ್ದ ಕುರಿಗೊಬ್ಬರ.

ಮುಂದಿನ ಬಸ್ಸು ಹಿಡಿದೆ. ಭಾಲ್ಕಿಯಲ್ಲಿ ಇಳಿದು ನೇರ ಮುದುಕಿಯ ಮನೆಗೆ ಹೋದೆ. ಹಣೆತುಂಬ ವಿಭೂತಿ ಹಚ್ಚಿಕೊಂಡು ಆಕೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಕೈಮುಗಿದೆ.

"ತಪ್ಪಾಗ್ಯದರಿ, ಅವ್ವ. ಎಲ್ಲಾ ತಿರುಗಿ ತಂದು ಹಾಕ್ತೇವಿ."

"ಅಲ್ಲವ್ವ, ಒಯ್ಯೂ ಮುಂದ ನನ್ನ ಒಂದು ಮಾತು ಕೇಳಬೇಕಿತ್ತಿಲ್ಲೋ? ನಿಮ್ಮ ಮೋಬೈಲಿಗೆ ಫೋಟೋ ಕಾಣ್ತದ. ಹೊಲ ಹ್ಯಾಂಗ ಕಾಣಬೇಕು?"

ಅರ್ಜಿ ತುಂಬಿ ತುಂಬಿ ಪ್ರಶ್ನೆಗಳಿಗೆ ನಾನು ಪಳಗಿದ್ದೇನೆಂದುಕೊಂಡಿದ್ದೆ. ಕೇಳಬೇಕಾದ ಪ್ರಶ್ನೆಯನ್ನೇ ಬಿಟ್ಟಿದ್ದೆ.

ಗುಂಡಿಯಲ್ಲಿ ಗೊಬ್ಬರಕ್ಕೆ ಪ್ಲಾಸ್ಟಿಕ್ಕು, ಗಾಜು, ಚಿಂದಿ ಎಲ್ಲ ಬೆರೆತಿತ್ತು. ನಾವು ಏಳು ಮಂದಿ ಕೂತು ಜರಡಿ ಹಿಡಿದೆವು. ಮರುದಿನ ಮುಂಜಾನೆ ಮುದುಕಿಯೂ ಬಂದಳು. ಮೊದಲು ದೂರ ನಿಂತು ನೋಡಿದಳು. ಆಮೇಲೆ, "ಸರೀರಿ, ಜರಡಿ ಹಿಂಗ ಹಿಡೀತಾರೇನು?" ಎಂದು ಸೆರಗು ಸಿಕ್ಕಿಸಿ ನಮ್ಮ ನಡುವೆ ಕೂತಳು. ಬುತ್ತಿ ಬಿಚ್ಚಿ ಎಲ್ಲರಿಗೂ ಜೋಳದ ರೊಟ್ಟಿ ಹಂಚಿದಳು. ಸಂಜೆಗೆ ಗೊಬ್ಬರ ಆಕೆಯ ಗೋಡೆಯ ಪಕ್ಕ ವಾಪಸ್ಸು ಬಿತ್ತು. ಬೀದರಿನಲ್ಲಿ ನಾವು ಹಸಿಕಸ ಕೊಳೆಸಿ ಮಾಡಿದ್ದ ಗೊಬ್ಬರವನ್ನೂ ಎರಡು ಬುಟ್ಟಿ ತರಿಸಿ ಕೊಟ್ಟೆವು. ಮುಷ್ಟಿಯಲ್ಲಿ ಹಿಡಿದು ಮೂಸಿ, "ಇದು ಅಡ್ಡಿಯಿಲ್ಲ" ಎಂದಳು. ಅಷ್ಟು ಸಾಕಾಗಿತ್ತು ನನಗೆ.

ಬೀದರಿಗೆ ಬಂದವಳೇ ಆ್ಯಪಿಗೆ ಹೊಸದೊಂದು ಚೌಕ ಸೇರಿಸಿದೆ: "ಇಲ್ಲಿ ಯಾವುದನ್ನು ಮುಟ್ಟಬಾರದು?" ಬರೆಯಲು ಬಾರದವರು ಒತ್ತಿ ಮಾತಾಡಲೆಂದು ಮೈಕಿನ ಚಿತ್ರವನ್ನೂ ಇಟ್ಟೆ. ಜನ ಏನೇನೋ ಹೇಳತೊಡಗಿದರು. ಒಬ್ಬರು ನಾಯಿ ಮರಿಹಾಕಿದ ಮೂಲೆ ಅಂದರು. ಅಷ್ಟೂರದ ಒಂದು ಮನೆಯವರು ಮುರಿದ ಒರಳುಕಲ್ಲು, ತಮ್ಮ ಅಜ್ಜಿಯದಂತೆ. ಕೆಲಸಕ್ಕೆ ಹೋಗುವ ಮುನ್ನ ನಮ್ಮ ಹೆಂಗಸರು ಆ ದನಿಗಳನ್ನು ಕೇಳಿಕೊಂಡೇ ಗಾಡಿ ಹತ್ತುತ್ತಾರೆ. ರೈತರಿಗೆ ಹಸಿಕಸದ ಗೊಬ್ಬರ ಮಾರುವುದೂ ಆಗಲೇ ಶುರುವಾಯಿತು. ಮೊದಲ ಗಿರಾಕಿಗಳನ್ನು ಕರೆತಂದವಳು ಭಾಲ್ಕಿಯ ಮುದುಕಿಯೇ.

ಹೋದ ವರ್ಷ ಮಹಾರಾಷ್ಟ್ರದ ಗಡಿಗೆ ಹತ್ತಿರದ ಔರಾದದಿಂದ ಕರೆ ಬಂತು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಎಕಂಬಾದ ಕಡೆಯ ಗೆಳತಿಯರನ್ನೂ ಸೇರಿಸಿ ತಂಡ ಕಟ್ಟಿದ್ದಳು. ಎರಡು ದಿನ ಅಲ್ಲೇ ಉಳಿದು, ಚೌಕ ಹ್ಯಾಗೆ ಎಳೆಯುವುದು, ಎಲ್ಲಿ ಬಿಡುವುದು, ಎಲ್ಲ ತೋರಿಸಿದೆ. "ಕೆಡ್ತದೇನೋರಿ?" ಎಂದು ಪ್ರತಿ ಸಲ ಆಕೆ ಕೇಳುತ್ತಿದ್ದಳು.

"ಕೆಟ್ರ ಮತ್ತ ಮಾಡೋಣು" ಎನ್ನುತ್ತಿದ್ದೆ.

ಒಂದು ತಿಂಗಳ ಮೇಲೆ ಆ್ಯಪ್ ತೆರೆದರೆ ಔರಾದದ ಪುಟದ ಗುರುತೇ ಸಿಗಲಿಲ್ಲ. ಪ್ರಶ್ನೆಗಳೆಲ್ಲ ಮರಾಠಿಯಲ್ಲೂ ಇದ್ದವು, ಸಂತೆಯ ದಿನ ಕೆಂಪಾಗಿತ್ತು, ಒತ್ತುವ ಬಟನ್‌ಗಳು ನನ್ನ ನೀಲಿಯಿಂದ ಹಳದಿಗೆ ತಿರುಗಿದ್ದವು. ನನ್ನನ್ನು ಕೇಳಿರಲಿಲ್ಲ. ಒಂದು ಗಳಿಗೆ ಮನಸ್ಸಿಗೆ ಚುರುಕ್ ಎಂದಿತು. ಫೋನ್ ಮಾಡಿದೆ.

"ನಾನೇ ಮಾಡೇನ್ರಿ," ಎಂದಳು ಆಕೆ ಹೆದರಿಕೆಯಿಲ್ಲದ ದನಿಯಲ್ಲಿ. "ನೀಲಿ ನಮ್ಮ ಬಿಸಿಲಿನ್ಯಾಗ ಕಾಣೂದಿಲ್ಲರಿ. ಚೊಲೋ ಆಗ್ಯದಿಲ್ಲೋ?"

ಚೊಲೋ ಆಗಿತ್ತು. ಬೀದರಿನ ಪುಟವನ್ನೂ ಅಂದೇ ಹಳದಿ ಮಾಡಿದೆ.