ಜುಲೆಮಾ ಹಾಕಿದ ಮೊದಲ ಓಟು

ಅವೆಲ್ಯಾನೇಡಾ ನಗರದ ಉಣ್ಣೆ ತೊಳೆಯುವ ಕಾರ್ಖಾನೆಯಲ್ಲಿ ಜುಲೆಮಾ ಬಾರ್ಗಾಸ್ ಹದಿನಾರು ವರ್ಷ ದುಡಿದಿದ್ದಳು. ಹೆಂಗಸರಿಗೂ ಓಟು ಬಂತೆಂದು ಗೊತ್ತಾದ ಮೇಲೆ ಅವಳು ಮನೆಯಲ್ಲಿ ನಿಂತವಳೇ ಅಲ್ಲ. ಕೈಗೆ ಮೆತ್ತಿದ ಕುರಿವಾಸನೆ ಹೋಗುವ ಮೊದಲೇ ಬೀದಿಬೀದಿ ತಿರುಗಿ ತನ್ನ ಪಕ್ಷಕ್ಕೆ ಹೆಂಗಸರ ಹೆಸರು ನೋಂದಾಯಿಸುತ್ತಿದ್ದಳು.

"ನನ್ನ ಹೆಂಡ್ತಿಗ್ಯಾಕಮ್ಮ ರಾಜಕೀಯ?" ಎಂದು ಬಾಗಿಲಿಗೆ ಅಡ್ಡ ನಿಂತ ಗಂಡಸಿಗೆ, "ನಿನ್ನ ಚಡ್ಡಿ ಒಗೆಯೋ ಕೈಗೆ ಒಂದು ಚೀಟಿ ಭಾರ ಆಗುತ್ತೇನಪ್ಪ?" ಎನ್ನುತ್ತಿದ್ದಳು. ಹಾಗೆ ಇನ್ನೂರು ಹೆಂಗಸರಾದರು.

ಪಕ್ಕದ ಮನೆಯ ಗ್ರಿಸೆಲ್ದಾಳನ್ನು ಪಕ್ಷದ ಮಹಿಳಾ ಕೇಂದ್ರಕ್ಕೆ ಕೈಹಿಡಿದು ಕರೆತಂದವಳೂ ಅವಳೇ. ಗ್ರಿಸೆಲ್ದಾ ಎಳೆಯ ಪ್ರಾಯದ ದರ್ಜಿ. ಎದ್ದು ಮಾತಾಡಿದರೆ ಕೋಣೆಯೇ ಸುಮ್ಮನಾಗುತ್ತಿತ್ತು. ಅವಳು ಬಂದು ಮೂರು ತಿಂಗಳಾಗಿತ್ತಷ್ಟೆ, ರಾಜಧಾನಿಯಿಂದ ಬಂದ ಮುಖಂಡೆ ನಗರಸಭೆಯ ಉಮೇದುವಾರರ ಪಟ್ಟಿಗೆ ಅವಳ ಹೆಸರನ್ನೇ ಬರೆದುಕೊಂಡಳು. ಜುಲೆಮಾಳ ಭುಜ ತಟ್ಟಿ, "ನಿಮ್ಮಂಥೋರಿಲ್ದೆ ನಮ್ಮ ಕೆಲಸ ನಡೆಯಲ್ಲ" ಎಂದಳು.

ಅಂದಿನಿಂದ ಜುಲೆಮಾಳ ಹೊಟ್ಟೆಯೊಳಗೆ ಕೆಂಡ. ಗ್ರಿಸೆಲ್ದಾ ನಕ್ಕರೆ ನಾಟಕ, ಸುಮ್ಮನಿದ್ದರೆ ಜಂಬ ಎನಿಸುತ್ತಿತ್ತು.

"ಯಾರು ಗೆದ್ರೇನೇ? ನಮ್ಮೋಳೇ ತಾನೆ?" ಎಂದ ಗಂಡ ಅನ್ಸೆಲ್ಮೊ.

"ನಮ್ಮೋಳು ಅಂತಾನೇ ಉರಿಯೋದು. ಹೊರಗಿನೋಳಾಗಿದ್ರೆ ಮರೆತುಬಿಡ್ತಿದ್ದೆ."

ನವೆಂಬರಿನ ಆ ಭಾನುವಾರ ಹೆಂಗಸರು ಹಬ್ಬದ ಉಡುಪು ತೊಟ್ಟು ಶಾಲೆಯ ಮುಂದೆ ಸಾಲು ನಿಂತರು. ತನ್ನ ಸರದಿ ಬಂದಾಗ ಜುಲೆಮಾ ಮತದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಕ್ಷದ ಉದ್ದನೆಯ ಚೀಟಿ ಎತ್ತಿಕೊಂಡಳು. ಮೇಲೆ ದೇಶದ ಚುನಾವಣೆಯ ಉಮೇದುವಾರರ ಹೆಸರುಗಳು, ತುದಿಯಲ್ಲಿ ನಗರಸಭೆಯವರವು. ಬೇಡದ ಭಾಗ ಹರಿದು ಉಳಿದದ್ದನ್ನು ಹಾಕಿದರೂ ಓಟು ಸಲ್ಲುತ್ತಿತ್ತು. ಗ್ರಿಸೆಲ್ದಾಳ ಹೆಸರಿದ್ದ ತುದಿಯನ್ನು ಮೆಲ್ಲನೆ ಹರಿದು ರವಿಕೆಯೊಳಗೆ ತುರುಕಿ, ಉಳಿದದ್ದನ್ನು ಲಕೋಟೆಗೆ ಹಾಕಿ, ಹೊರಬಂದು ಪೆಟ್ಟಿಗೆಗೆ ಇಳಿಬಿಟ್ಟಳು. ಮೂವತ್ತೆಂಟು ವರ್ಷದ ಬಾಳಿನಲ್ಲಿ ಹಾಕಿದ ಮೊದಲ ಓಟು ಅದು.

ಅಂಗಳದಲ್ಲಿ ಗ್ರಿಸೆಲ್ದಾ ಓಡಿಬಂದು ತಬ್ಬಿಕೊಂಡಳು. "ಅಕ್ಕಾ, ನೀನು ಹಾಕಿದ್ಮೇಲೆ ನಂಗೆ ಧೈರ್ಯ ಬಂತು ನೋಡು."

"ಹಾಕ್ದೆ, ಹಾಕ್ದೆ, ಬಿಡೇ. ಬಟ್ಟೆ ಸುಕ್ಕಾಗುತ್ತೆ."

ಒಂದು ಓಟು ಕಡಿಮೆಯಾದರೂ ಗ್ರಿಸೆಲ್ದಾ ಭಾರಿ ಅಂತರದಿಂದ ಗೆದ್ದಳು. ಗೆದ್ದ ಮೇಲೆ ಕೈಕಟ್ಟಿ ಕೂರಲೂ ಇಲ್ಲ. ಕೂಲಿ ಹೆಂಗಸರ ಮಕ್ಕಳಿಗೆಂದು ಕಾರ್ಖಾನೆಯ ಹಿಂದೆ ಶಿಶುಮಂದಿರ ಕಟ್ಟಿಸಿದಳು. ಅವಳು ಕೆಲಸಗಳ್ಳಿಯೋ ಲಂಚಕೋರಳೋ ಆಗಿದ್ದರೆ ಜುಲೆಮಾಳ ಮನಸ್ಸು ಹಗುರಾಗುತ್ತಿತ್ತು. ಆ ಭಾಗ್ಯವೂ ಸಿಗಲಿಲ್ಲ.

ಶಿಶುಮಂದಿರ ತೆರೆದ ದಿನ ಗ್ರಿಸೆಲ್ದಾ ವೇದಿಕೆಯಿಂದ, "ಇದು ನನ್ನಿಂದ ಆಗಿದ್ದಲ್ಲ. ನಮ್ಮನ್ನೆಲ್ಲ ಮನೆಯಿಂದ ಹೊರಗೆ ಕರೆತಂದೋಳು ಅಗೋ, ಅಲ್ಲಿ ಕೂತಿದಾಳೆ!" ಎಂದು ಬೆರಳು ತೋರಿಸಿದಳು. ಜನ ಎದ್ದು ಚಪ್ಪಾಳೆ ತಟ್ಟಿದರು. ಅನ್ಸೆಲ್ಮೊನ ಕಣ್ಣು ಒದ್ದೆಯಾಯಿತು.

ಜುಲೆಮಾ ಎದ್ದು ತಲೆಬಾಗಿದಳು. ತನಗೆ ಸಲ್ಲಬೇಕಾದದ್ದನ್ನೂ ಇವಳ ಕೈಯಿಂದಲೇ ಪಡೆಯಬೇಕಾಯಿತಲ್ಲ ಎಂದು ಹಲ್ಲು ಕಚ್ಚಿಕೊಂಡೇ ನಕ್ಕಳು.